ಹೊಳೆಗೆ ಬಿಟ್ಟದ್ದು

ಹರಿಗೋಲಿನಲ್ಲಿ ಕುಳಿತು ಕಾವೇರಿಯಲ್ಲಿ ತೇಲುವ ಕಸವನ್ನು ಹೆಕ್ಕುವುದು ಗೃಹಸ್ಥರ ಮನೆಯ ಹೆಂಗಸಿಗೆ ತಕ್ಕ ಕೆಲಸವೇ ಎಂದು ನಮ್ಮ ಬಂಧುವರ್ಗದಲ್ಲಿ ಕೆಲವರು ಕೇಳುವುದುಂಟು. ನೇರವಾಗಿ ಹಾಗೆ ಕೇಳುವವರು ಕಡಮೆ. ಬಹುಮಂದಿ “ನಿಮಗೆ ಈಜು ಬರುತ್ತದೆಯೇ?” ಎಂದು ಆರಂಭಿಸಿ, “ಅಲ್ಲಿ ಮೊಸಳೆಗಳಿಲ್ಲವೇ?” ಎಂದು ಮುಂದುವರಿದು, ಕಟ್ಟಕಡೆಗೆ “ಅದಕ್ಕೆಂದು ಸಂಬಳದ ಜನರಿಲ್ಲವೇ?” ಎಂಬಲ್ಲಿಗೆ ಬಂದು ನಿಲ್ಲುತ್ತಾರೆ. ಮೂರಕ್ಕೂ ಉತ್ತರವಿದೆ. ಈಜು ಅಷ್ಟಿಷ್ಟು ಬರುತ್ತದೆ. ಅದನ್ನು ನಂಬದೆ ನೀರಿನಲ್ಲಿ ತೇಲಿಸುವ ಅಂಗಿಯೊಂದನ್ನು ಸೀರೆಯ ಮೇಲೆ ಬಿಗಿದುಕೊಂಡೇ ಹರಿಗೋಲು ಹತ್ತುತ್ತೇನೆ. ಮೊಸಳೆಗಳು ಇಲ್ಲದಿಲ್ಲ. ಶ್ರೀರಂಗಪಟ್ಟಣಕ್ಕೆ ಮೇಲ್ಗಡೆ, 1940ರಲ್ಲಿ ಪಕ್ಷಿಧಾಮವಾದ ರಂಗನತಿಟ್ಟಿನ ಬಂಡೆಗಳ ಮೇಲೆ ಅವು ಬಿಸಿಲು ಕಾಯಿಸುವುದನ್ನು ಪ್ರವಾಸಿಗಳೆಲ್ಲ ಕಂಡಿದ್ದಾರೆ. ಅಲ್ಲಿಗೆ ನಮ್ಮಂಥವರು ಸ್ವತಂತ್ರವಾಗಿ ಹೋಗುವ ಹಾಗಿಲ್ಲ; ನಾವು ಹೋಗುವುದೂ ಇಲ್ಲ. ಕೆಳಗಣ ನೀರಿನಲ್ಲಿ ಎಲ್ಲಿ ಇಳಿಯಬಹುದು, ಎಲ್ಲಿ ಕೈಯನ್ನು ಹೊರಗೆ ಚಾಚಬಾರದು ಎಂಬುದನ್ನು ಅಂಬಿಗನು ಬಲ್ಲ. ಇನ್ನು ಸಂಬಳದ ಜನರ ಮಾತು. ಅವರು ದಡವನ್ನು ಗುಡಿಸುತ್ತಾರೆ, ಸೋಪಾನಗಳನ್ನು ತೊಳೆಯುತ್ತಾರೆ. ಪೊರಕೆಗೆ ಎಟುಕದ ಕಡೆ, ಎಂದರೆ ನೀರಿನ ಮೇಲೆ, ಯಾರ ಸಂಬಳವೂ ಸಾಮಾನ್ಯವಾಗಿ ತಲಪುವುದಿಲ್ಲ.

ಹರಿಗೋಲನ್ನು ಕಾಣದ ವಾಚಕರು ವಿರಳ. ಬಿದಿರಿನ ದಬ್ಬೆಗಳಿಂದ ಹೆಣೆದ ದೊಡ್ಡದೊಂದು ಮಂಕರಿ ಅದು. ಅದಕ್ಕೆ ಮುಂದಿಲ್ಲ, ಹಿಂದಿಲ್ಲ. ಪೂರ್ವದಲ್ಲಿ ಹೊರಗೆ ತೊಗಲನ್ನು ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ಕಿನ ಹಾಳೆಯನ್ನು ಬಿಗಿದು ಮೇಲೆ ಟಾರು ಬಳಿಯುತ್ತಾರೆ. ಪ್ಲಾಸ್ಟಿಕ್ಕನ್ನು ಹೆಕ್ಕುವುದಕ್ಕಾಗಿ ನಾವು ಪ್ಲಾಸ್ಟಿಕ್ಕನ್ನೇ ಏರಿ ಹೋಗುತ್ತೇವೆಂಬುದನ್ನು ನಗುವವರು ನಗಲಿ; ತೊಗಲಿನ ಹರಿಗೋಲನ್ನು ಈಗ ನಾನು ಎಲ್ಲಿಂದ ತರಲಿ? ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ತುಗೀಸ ಪ್ರವಾಸಿ ಡೊಮಿಂಗೊ ಪಾಯೆಸನು, ಅಲ್ಲಿಯ ಜನರು ಬುಟ್ಟಿಯಂತೆ ದುಂಡಗಿರುವ, ಒಳಗೆ ಬೆತ್ತ, ಹೊರಗೆ ತೊಗಲು ಇರುವ ದೋಣಿಗಳಲ್ಲಿ ಹೊಳೆ ದಾಟುತ್ತಿದ್ದರೆಂದೂ, ಒಂದೊಂದರಲ್ಲಿ ಹದಿನೈದು ಇಪ್ಪತ್ತು ಮಂದಿ ಹಿಡಿಸುತ್ತಿದ್ದರೆಂದೂ, ಅವು ಇತರ ದೋಣಿಗಳಂತೆ ನೆಟ್ಟಗೆ ಹೋಗಲಾರದೆ ಸದಾ ಸುತ್ತುತ್ತಿದ್ದುವೆಂದೂ ಬರೆದಿಟ್ಟಿದ್ದಾನೆ. ಐನೂರು ವರ್ಷಗಳಾದರೂ ಅವುಗಳ ಸ್ವಭಾವ ಬದಲಾಗಿಲ್ಲ.

ಪಾಯೆಸನು ದೋಷವೆಂದು ಎಣಿಸಿದ ಆ ಸುತ್ತಾಟವೇ ನಮ್ಮ ಕೆಲಸಕ್ಕೆ ಗುಣವಾಗಿದೆ. ಉದ್ದನೆಯ ದೋಣಿಯನ್ನು ಬಂಡೆಗಳ ನಡುವೆ ತಿರುಗಿಸಬೇಕಾದರೆ ಜಾಗ ಬೇಕು. ಹರಿಗೋಲು ನಿಂತಲ್ಲೇ ತಿರುಗುತ್ತದೆ. ಮೊಣಕಾಲುದ್ದದ ನೀರಿನಲ್ಲಿಯೂ ತೇಲುತ್ತದೆ. ಅದರ ಅಂಚು ತಗ್ಗಾದುದರಿಂದ ಕುಳಿತಲ್ಲಿಂದಲೇ ನೀರು ಕೈಗೆ ಸಿಕ್ಕುತ್ತದೆ. ಆದರೆ ಕಸ ಕಂಡಿತೆಂದು ಅತ್ತ ಬಾಗಿದರೆ ಹರಿಗೋಲೂ ಬಾಗುತ್ತದೆ. ಮೊದಲ ದಿನ ಅಂಬಿಗನು ನನಗೆ ಹೇಳಿಕೊಟ್ಟ ಪಾಠವೇ ಇದು: “ನೀವು ಕಸದ ತಾವ್ಕೆ ಹೋಗ್ಬ್ಯಾಡಿ ಕಣವ್ವ. ಸುಮ್ಕೆ ಕುಂತ್ಕಳಿ. ಕಸಾನೆ ನಿಮ್ ತಾವ್ಕೆ ತಂದ್ಕೊಡ್ತೀನಿ.” ಮಾತಿನಂತೆ ಅವನು ಎದುರು ಬದಿಯಲ್ಲಿ ಭಾರ ಹಾಕಿ ಕುಳಿತು, ಹುಟ್ಟನ್ನು ಒಂದೆರಡು ಸಲ ಆಡಿಸಿ, ತೇಲುವ ವಸ್ತುವಿನ ಮಗ್ಗುಲಿಗೆ ನನ್ನನ್ನು ತಿರುಗಿಸಿಬಿಡುತ್ತಾನೆ. ಹುಟ್ಟು ಹಾಕುವುದನ್ನೂ ಅವನಿಂದ ಕಲಿತೆನು. ಪಕ್ಕದಲ್ಲಿ ಹಾಕಿದರೆ ಹರಿಗೋಲು ಗಿರಗಟ್ಟಲೆಯಾಗುತ್ತದೆ; ಎದುರಿಗೆ ಚಾಚಿ, ನೀರನ್ನು ಎಡಕ್ಕಿಷ್ಟು ಬಲಕ್ಕಿಷ್ಟು ತನ್ನೆಡೆಗೆ ಸೆಳೆದುಕೊಳ್ಳಬೇಕು. ಹಿಟ್ಟು ಕಲಸುವಾಗ ಅಂಚಿನ ಹಿಟ್ಟನ್ನು ನಡುವಿಗೆ ಎಳೆದುಕೊಳ್ಳುವೆವಲ್ಲ, ಹೆಚ್ಚು ಕಡಮೆ ಅದೇ ಕೈವಾಡ. ನಮ್ಮ ಉಪಕರಣಗಳೂ ಬಹುಮಟ್ಟಿಗೆ ಮನೆಯವೇ: ಹಿಡಿ ಕಟ್ಟಿದ ಹಳೆಯ ಜರಡಿ, ಕೊಕ್ಕೆ ಇರುವ ಒಂದು ಗಳ, ರಬ್ಬರಿನ ಕೈಚೀಲ, ನಾಲ್ಕು ಗೋಣಿಚೀಲ.

ಕಸಕ್ಕೂ ತನ್ನದೇ ಆದ ಗತಿಯುಂಟು. ಹೊಳೆ ಬಾಗುವಲ್ಲಿ ಮೇಲಣ ನೀರು ಹೊರದಡವನ್ನು ಒತ್ತಿಕೊಂಡು ಹೋಗುತ್ತದೆ, ತೇಲುವುದೆಲ್ಲ ಅಲ್ಲಿಗೆ. ದೊಡ್ಡ ಬಂಡೆಯ ಹಿಂದೆ ನೀರು ಹಿಮ್ಮುಖವಾಗಿ ಸುಳಿಯುವುದರಿಂದ ಅಲ್ಲೊಂದು ಕಸದ ಬಟ್ಟಲು ತಾನಾಗಿಯೇ ಏರ್ಪಡುತ್ತದೆ. ನೀಲಿ ಹೂವಿನ ಕಳೆ ಹಬ್ಬಿದ ಕಡೆಯಂತೂ ಅದರ ಬೇರುಗಳೇ ಬಲೆಯಾಗಿ ಸಣ್ಣ ಪುಟ್ಟದ್ದನ್ನೆಲ್ಲ ಹಿಡಿದಿಡುತ್ತವೆ. ನೀರಿನ ಸೀಸೆಯನ್ನು ಮಾಡುವ ಪ್ಲಾಸ್ಟಿಕ್ಕು ನೀರಿಗಿಂತ ಭಾರವಾದುದು. ಬಿರಡೆ ಮುಚ್ಚಿದ್ದರೆ ಒಳಗಿನ ಗಾಳಿಯ ಬಲದಿಂದ ಸೀಸೆ ತೇಲುತ್ತದೆ. ತೆರೆದಿದ್ದರೆ ನೀರು ತುಂಬಿ ತಳ ಸೇರುತ್ತದೆ. ಬಿರಡೆಯ ಪ್ಲಾಸ್ಟಿಕ್ಕು ಬೇರೆ ಜಾತಿಯದು. ಹಗುರ, ಆದುದರಿಂದ ಒಂಟಿಯಾಗಿಯೇ ತೇಲುತ್ತದೆ. ಸುಳಿಯಲ್ಲಿ ಒಡೆಯನಿಲ್ಲದ ಬಿರಡೆಗಳು ಬಣ್ಣಬಣ್ಣವಾಗಿ ಸುತ್ತುತ್ತಿರುವುದನ್ನು ಕಂಡರೆ, ಅಷ್ಟೇ ಸೀಸೆಗಳು ಎಲ್ಲಿಯೋ ಕೆಸರಿನಲ್ಲಿ ಮಲಗಿವೆ ಎಂದು ತಿಳಿಯಬೇಕು. ಹಾಲಿನ ಪೊಟ್ಟಣವೂ ಹಗುರವಾದುದೇ. ಆದರೆ ಮರಳು ಹೊಕ್ಕಿತೆಂದರೆ ಮುಳುಗಿತು. ಥರ್ಮೋಕೋಲಿನ ತಟ್ಟೆ ಎಂದಿಗೂ ಮುಳುಗುವುದಿಲ್ಲ, ಮುರಿಯುತ್ತದೆ. ಮುರಿದ ಅದರ ಬಿಳಿಯ ಕಾಳುಗಳು ಸಬ್ಬಕ್ಕಿಯಂತೆ ಜರಡಿಯ ಕಣ್ಣಿನಲ್ಲಿಯೂ ನುಸುಳಿಹೋಗುತ್ತವೆ. ಇಷ್ಟು ದಿನಗಳಲ್ಲಿ ನನ್ನ ತಾಳ್ಮೆಯನ್ನು ಕೆಡಿಸಿದ ವಸ್ತುವೆಂದರೆ ಅದೊಂದೇ.

ಮೇಲೆ ನೋಡಿದರೂ ಕಸವೇ. ದಡದ ಹೊಳೆಮತ್ತಿ ಮರಗಳ ಕೊಂಬೆಗಳಲ್ಲಿ, ನಮ್ಮ ತಲೆಗಿಂತ ಬಹು ಎತ್ತರದಲ್ಲಿ, ಚಿಂದಿಯಾದ ಸೀರೆ ಪಂಚೆಗಳೂ ಕರಿಯ ಪ್ಲಾಸ್ಟಿಕ್ ಚೀಲಗಳೂ ಬಾವಲಿಗಳಂತೆ ಜೋತುಬಿದ್ದಿರುತ್ತವೆ. ಅವನ್ನು ಯಾರೂ ಹತ್ತಿ ಕಟ್ಟಿದ್ದಲ್ಲ. 2019ರ ಆಗಸ್ಟಿನಲ್ಲಿಯೂ 2024ರ ಆಗಸ್ಟಿನಲ್ಲಿಯೂ ಕೃಷ್ಣರಾಜಸಾಗರದಿಂದ ಲಕ್ಷ ಕ್ಯೂಸೆಕ್ಕಿಗೂ ಮಿಕ್ಕಿ ನೀರನ್ನು ಬಿಟ್ಟಾಗ ಹೊಳೆ ಆ ಎತ್ತರಕ್ಕೆ ಏರಿತ್ತು. ಇಳಿಯುವಾಗ ತನ್ನ ಗುರುತನ್ನು ನಮ್ಮ ಬಟ್ಟೆಗಳಿಂದಲೇ ಕಟ್ಟಿಹೋಯಿತು. ಉಳಿದದ್ದು ಕೆಳಕ್ಕೆ ಹೋಯಿತು. ಸಮುದ್ರಕ್ಕೆ ನದಿಗಳು ಹೊತ್ತೊಯ್ಯುವ ಪ್ಲಾಸ್ಟಿಕ್ಕಿನಲ್ಲಿ ನೂರಕ್ಕೆ ಎಂಬತ್ತು ಪಾಲು ಒಂದು ಸಾವಿರಕ್ಕೂ ಹೆಚ್ಚು ನದಿಗಳಿಂದ ಬರುವುದೆಂದೂ, ಮಹಾನದಿಗಳಷ್ಟೇ ಅಲ್ಲದೆ ಊರುಗಳ ನಡುವೆ ಹಾಯುವ ಚಿಕ್ಕ ಹೊಳೆಗಳೂ ಇದರಲ್ಲಿ ದೊಡ್ಡ ಪಾಲುದಾರರೆಂದೂ ವಿಜ್ಞಾನಿಗಳು 2021ರಲ್ಲಿ ಲೆಕ್ಕ ಹಾಕಿ ಪ್ರಕಟಿಸಿದರು. ಅಂಥ ಲೆಕ್ಕದ ಮುಂದೆ ನಮ್ಮ ನಾಲ್ಕು ಗೋಣಿ ಎಷ್ಟರದು ಎಂಬುದನ್ನು ನಾನೂ ಬಲ್ಲೆ.

ಹಾಗಿದ್ದೂ ಇಂಥ ಕೆಲಸಕ್ಕೆ ಇಳಿಯುವವರು ಅಲ್ಲಲ್ಲಿ ಇದ್ದಾರೆ. ಡೆನ್ಮಾರ್ಕಿನ ಕೋಪನ್‌ಹೇಗನ್ ಪಟ್ಟಣದಲ್ಲಿ 2017ರಲ್ಲಿ ಒಂದು ಏರ್ಪಾಡು ಮೊದಲಾಯಿತು: ಕಯಾಕ್ ಎಂಬ ಕಿರಿದೋಣಿಯನ್ನು ಬಾಡಿಗೆಯಿಲ್ಲದೆ ಕೊಡುತ್ತಾರೆ, ವಿಹಾರಕ್ಕೆ ಹೋದವರು ಕಾಲುವೆಯ ಕಸವನ್ನು ಆಯ್ದು ತಂದು ಒಪ್ಪಿಸಬೇಕು. ಜಾಣರ ಉಪಾಯವೇ ಸರಿ. ಆದರೆ ನನ್ನ ಮನಸ್ಸು ಗೌರವದಿಂದ ನೆನೆಯುವುದು ಕೇರಳದ ಕುಮರಕಂ ಬಳಿಯ ಎನ್. ಎಸ್. ರಾಜಪ್ಪನ್ ಎಂಬವರನ್ನು. ಪೋಲಿಯೋದಿಂದ ಕಾಲುಗಳು ನಿಂತುಹೋಗಿದ್ದ ಅವರು ಚಿಕ್ಕ ದೋಣಿಯಲ್ಲಿ ಕುಳಿತು, ತಾವೇ ಹುಟ್ಟು ಹಾಕುತ್ತ, ವೇಂಬನಾಡಿನ ಹಿನ್ನೀರಿನಲ್ಲಿ ತೇಲುವ ಸೀಸೆಗಳನ್ನು ಹಲವು ವರ್ಷ ಆಯ್ದರು. ಅವನ್ನು ಮಾರಿ ಬಂದ ಕಾಸು ಅವರ ಜೀವನೋಪಾಯಕ್ಕೂ ಆಯಿತು. 2021ರ ಜನವರಿ 31ರಂದು ಪ್ರಧಾನಮಂತ್ರಿಗಳು ತಮ್ಮ ರೇಡಿಯೋ ಭಾಷಣದಲ್ಲಿ ಅವರನ್ನು ಹೆಸರಿಸಿ ಕೊಂಡಾಡಿದರು. ಅದೇ ವರ್ಷ ತೈವಾನಿನ ಸಂಸ್ಥೆಯೊಂದರಿಂದ ಪುರಸ್ಕಾರವೂ ಬಂದಿತು. ನಡೆಯಲಾರದವರಿಗೆ ನೀರು ದಾರಿ ಕೊಟ್ಟಿತು, ಆ ದಾರಿಯನ್ನು ಅವರು ಗುಡಿಸಿದರು.

ಅವರ ಸೀಸೆಗಳಿಗೂ ನಮ್ಮ ಗೋಣಿಯಲ್ಲಿ ಬೀಳುವುದಕ್ಕೂ ಒಂದು ವ್ಯತ್ಯಾಸವಿದೆ. ಶ್ರೀರಂಗಪಟ್ಟಣವು ಕ್ಷೇತ್ರ. ಪೂರ್ವಾಭಿಮುಖವಾಗಿ ಹರಿಯುವ ಕಾವೇರಿ ಅಲ್ಲಿ ಒಂದೆಡೆ ಪಶ್ಚಿಮಕ್ಕೆ ತಿರುಗುವುದರಿಂದ ಆ ಸ್ಥಳಕ್ಕೆ ಪಶ್ಚಿಮವಾಹಿನಿ ಎಂಬ ಹೆಸರು ಬಂದಿದೆ. ಕವಲೊಡೆದ ಹೊಳೆ ದ್ವೀಪದ ಪೂರ್ವದ ತುದಿಯಲ್ಲಿ ಮತ್ತೆ ಕೂಡುವೆಡೆ ಸಂಗಮ. ಎರಡು ಕಡೆಯಲ್ಲಿಯೂ ಅಸ್ಥಿ ಬಿಡುವವರ, ಮಿಂದು ದೋಷ ಕಳೆದುಕೊಳ್ಳುವವರ ಸಂದಣಿ. 1948ರ ಫೆಬ್ರವರಿ 12ರಂದು ಗಾಂಧೀಜಿಯವರ ಚಿತಾಭಸ್ಮದ ಒಂದು ಭಾಗವನ್ನು ಬಿಟ್ಟದ್ದೂ ಪಶ್ಚಿಮವಾಹಿನಿಯಲ್ಲಿಯೇ. ಆದುದರಿಂದ ಇಲ್ಲಿ ನೀರಿನಿಂದ ಎತ್ತುವ ಬಹುಪಾಲು ವಸ್ತುಗಳನ್ನು ಯಾರೂ ಅಲಕ್ಷ್ಯದಿಂದ ಬಿಸುಟಿರುವುದಿಲ್ಲ. ಕೈಮುಗಿದು, ಕಣ್ಣು ಮುಚ್ಚಿ, ಬಿಟ್ಟಿರುತ್ತಾರೆ.

ಒಂದು ಬೆಳಗ್ಗೆ ಸಿಕ್ಕಿದ ಚೀಲದಲ್ಲಿ ಏನೇನಿತ್ತು ಹೇಳುತ್ತೇನೆ. ಒಣಗಿದ ಸೇವಂತಿಗೆ, ಬಿಲ್ವಪತ್ರೆ, ಅರ್ಧ ಉರಿದ ಬತ್ತಿಗಳು, ಕರ್ಪೂರದ ಡಬ್ಬಿ, ಊದುಬತ್ತಿಯ ಮೇಲುಹೊದಿಕೆ, ಕಳಶದ ಕಾಯಿ, ಮೂಲೆ ಹರಿದ ಒಂದು ಲಕ್ಷ್ಮಿಯ ಪಟ. ನಮ್ಮ ಮನೆಯ ದೇವರ ಗೂಡನ್ನು ಶುಕ್ರವಾರ ಶುದ್ಧಿ ಮಾಡಿದರೆ ಬರುವ ಸಾಮಗ್ರಿಯೇ, ಅದೇ ಕ್ರಮದಲ್ಲಿ. ನಿರ್ಮಾಲ್ಯವನ್ನು ತುಳಿಯುವೆಡೆ ಹಾಕಬಾರದು, ಹರಿಯುವ ನೀರಿಗೆ ಬಿಡಬೇಕು ಎಂದು ನಮ್ಮ ಅತ್ತೆಯವರೂ ಹೇಳುತ್ತಿದ್ದರು. ಅವರು ಬಾಳೆಯ ಎಲೆಯಲ್ಲಿ ಸುತ್ತಿ ಕಳುಹಿಸುತ್ತಿದ್ದರು. ಎಲೆ ಬಿಚ್ಚಿಕೊಂಡಿತು, ಹೂವು ಕರಗಿತು, ಹತ್ತಿಯ ಬತ್ತಿ ಕೊಳೆಯಿತು. ಮರುದಿನಕ್ಕೆ ಹೊಳೆಯಲ್ಲಿ ಅದರ ಸುಳಿವಿಲ್ಲ. ಈಗ ಪದ್ಧತಿ ಹಾಗೆಯೇ ಉಳಿದಿದೆ, ಪದಾರ್ಥ ಬೇರೆಯಾಗಿದೆ. ಹೂವಿನ ಮಾಲೆಯನ್ನೇ ನೋಡಿ. ಹಿಂದೆ ಬಾಳೆನಾರಿನಲ್ಲಿ ಕಟ್ಟುತ್ತಿದ್ದುದನ್ನು ಈಗ ಅಂಗಡಿಯವರು ನೈಲಾನಿನಂಥ ದಾರದಲ್ಲಿ ಕಟ್ಟುತ್ತಾರೆ. ಹೂವು ನಾಲ್ಕು ದಿನಕ್ಕೆ ಹೋಗುತ್ತದೆ, ದಾರ ಹೋಗುವುದಿಲ್ಲ. ನಮ್ಮ ಹುಟ್ಟಿಗೆ ಸುತ್ತಿಕೊಳ್ಳುವುದು ಕಳೆಗಿಂತ ಹೆಚ್ಚಾಗಿ ಈ ದಾರವೇ. ಒಮ್ಮೆ ಬಂಡೆಯ ಮೇಲೆ ಬೆಳ್ಳಕ್ಕಿಯೊಂದು ಒಂಟಿಗಾಲಿನಲ್ಲಿ ನಿಂತಿತ್ತು. ಬೆಳ್ಳಕ್ಕಿ ಹಾಗೆ ನಿಲ್ಲುವುದು ಸಹಜವೆಂದು ನಾನು ಸುಮ್ಮನಿದ್ದೆ. ಹತ್ತಿರ ಹೋದಾಗ ಅದು ಹಾರಿತು. ಎರಡು ಕಾಲುಗಳೂ ಒಂದೇ ದಾರದಲ್ಲಿ ಬಿಗಿದುಹೋಗಿದ್ದುವು, ದಾರದ ತುದಿಯಲ್ಲಿ ಜರಿಯ ಕುಚ್ಚೊಂದು ಹೊಳೆಯುತ್ತಿತ್ತು.

ನೀರಿನಲ್ಲಿ ಉಗುಳಬಾರದು, ಮಲಮೂತ್ರ ಮಾಡಬಾರದು, ಅಶುದ್ಧವಾದುದನ್ನೂ ವಿಷವನ್ನೂ ಹಾಕಬಾರದು ಎಂದು ಮನುಸ್ಮೃತಿಯ ನಾಲ್ಕನೆಯ ಅಧ್ಯಾಯದಲ್ಲಿಯೇ ವಿಧಿಯಿದೆ. ನಮ್ಮ ಜನ ಈ ಮಾತನ್ನು ಅಲ್ಲಗಳೆಯುವುದಿಲ್ಲ. ದೇವರಿಗೆ ಮುಡಿಸಿದ್ದು ಅಶುದ್ಧವಾಗುವುದು ಹೇಗೆ ಎಂದು ಕೇಳುತ್ತಾರೆ. ಪ್ರಶ್ನೆ ಸುಲಭವಾದುದಲ್ಲ. ಕಾಯಿದೆಗಳು ಬಂದಿವೆ. ಕರ್ನಾಟಕ ಸರ್ಕಾರ 2016ರಲ್ಲಿ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟಗಳನ್ನು ನಿಷೇಧಿಸಿತು; 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ಸಾಮಾನುಗಳ ನಿಷೇಧ ಭರತಖಂಡಕ್ಕೆಲ್ಲ ಅನ್ವಯಿಸಿತು; ಪ್ಲಾಸ್ಟರ್ ಆಫ್ ಪ್ಯಾರಿಸ್ ಗಣಪತಿಗಳನ್ನು ನೀರಿಗೆ ಬಿಡದಿರುವಂತೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರಲ್ಲಿ ಸೂಚನೆಗಳನ್ನು ತಿದ್ದಿ ಹೊರಡಿಸಿತು. ಕಾಯಿದೆ ಅಂಗಡಿಯ ಬಾಗಿಲಿನವರೆಗೆ ಬರಬಲ್ಲದು. ದೇವರ ಗೂಡಿನ ಮುಂದೆ ನಿಂತು ಈ ಪಟವನ್ನು ಎಲ್ಲಿ ಹಾಕಲಿ ಎಂದು ಯೋಚಿಸುವ ಮನೆಯಾಕೆಗೆ ಅದು ಏನು ಹೇಳೀತು?

ಈ ಕಷ್ಟ ನನಗೆ ಕಣ್ಣಿಗೆ ಕಟ್ಟಿದಂತಾದದ್ದು ಕಳೆದ ಮಾಘಮಾಸದಲ್ಲಿ. ಆ ದಿನ ನೀರು ತಗ್ಗಾಗಿತ್ತು. ಸೋಪಾನದಿಂದ ಇಪ್ಪತ್ತು ಮಾರು ಕೆಳಗೆ, ಬಂಡೆಯ ಮರೆಯಲ್ಲಿ ನಾವು ಸುಳಿಯನ್ನು ಬಳಿಯುತ್ತಿದ್ದೆವು. ಬಾಯಿ ಕಟ್ಟಿದ ದೊಡ್ಡ ಚೀಲವೊಂದು ತೇಲಿ ಬಂದಿತು. ಕೊಕ್ಕೆ ಹಾಕಿ ಎಳೆದುಕೊಂಡೆನು. ಅಷ್ಟರಲ್ಲಿ ಮೇಲಿನಿಂದ “ಅಮ್ಮಾ, ಅದು ನಮ್ಮದು, ಮುಟ್ಟಬೇಡಿ!” ಎಂಬ ಕೂಗು ಕೇಳಿತು. ಒದ್ದೆ ಪಂಚೆಯ, ತಲೆ ಬೋಳಿಸಿದ ಒಬ್ಬ ಗೃಹಸ್ಥರು. ಪಕ್ಕದಲ್ಲಿ ಅವರ ಪತ್ನಿ. ಕೂಗಿದವರು ಆಕೆ. ಅಸ್ಥಿಯನ್ನು ಬಿಟ್ಟು, ಕೊನೆಗೆ ಮೃತರ ಬಳಕೆಯ ವಸ್ತುಗಳನ್ನೂ ಬಿಟ್ಟು ಆಗಷ್ಟೇ ಹಿಂದಿರುಗುತ್ತಿದ್ದರೆಂದು ಆಮೇಲೆ ತಿಳಿಯಿತು. ಹರಿಗೋಲು ದಡ ಸೇರುವುದರೊಳಗೆ ಗೃಹಸ್ಥರು ಮೆಟ್ಟಿಲಿಳಿದು ಬಂದರು.

“ಹೊಳೆಗೆ ಕೊಟ್ಟದ್ದನ್ನು ತೆಗೆಯುವುದಕ್ಕೆ ನೀವು ಯಾರು? ನಮ್ಮ ತಾಯಿಯವರ ಸಾಮಾನು ಅದು. ಮತ್ತೆ ನೀರಿಗೆ ಬಿಡಿ” ಎಂದರು. ಧ್ವನಿಯಲ್ಲಿ ಕೋಪಕ್ಕಿಂತ ಬೇರೆಯದೇ ಇತ್ತು.

ಚೀಲ ನನ್ನ ಮಡಿಲ ಬಳಿ ಇತ್ತು, ನೀರು ಸೋರುತ್ತಿತ್ತು. ಹೇಳುವುದಕ್ಕೆ ನನ್ನಲ್ಲಿ ಬೇಕಾದಷ್ಟು ಮಾತಿತ್ತು. ಮೇಲೆ ಬರೆದದ್ದನ್ನೆಲ್ಲ ಹೇಳಬಹುದಾಗಿತ್ತು. ತಾಯಿಯ ಬೂದಿಯನ್ನು ಬಿಟ್ಟು ಅರ್ಧ ಗಳಿಗೆಯೂ ಆಗದವರಿಗೆ ಹೇಳತಕ್ಕ ಮಾತು ಅದರಲ್ಲಿ ಒಂದೂ ಇರಲಿಲ್ಲ. ನಾನು ಅಂಬಿಗನ ಮುಖ ನೋಡಿದೆನು. ಇಂಥ ಚೀಲಗಳನ್ನು ಬಿಚ್ಚುವುದಕ್ಕೆ ಅವನಿಗೂ ಇಷ್ಟವಿಲ್ಲ; ಸತ್ತವರ ಪಾಲಿನದನ್ನು ಮರಳಿ ತರಬಾರದೆಂಬುದು ಅವನ ನಂಬಿಕೆ, ಎಷ್ಟೋ ಸಲ ನನ್ನೊಡನೆ ವಾದಿಸಿದ್ದಾನೆ. ಆದರೆ ಚೀಲದ ಅರೆಪಾರದರ್ಶಕವಾದ ಮೈಯಲ್ಲಿ ಅವನಿಗೆ ಏನೋ ಕಂಡಿತ್ತು.

“ಸ್ವಾಮಿ, ಬೇಜಾರ್ ಮಾಡ್ಕಬ್ಯಾಡಿ. ಇದ್ರೊಳ್ಗೆ ಮಾತ್ರೆ ಅವೆ ಅಲ್ವರಾ?” ಎಂದನು.

ಆಕೆ ಹೌದೆಂದರು. ಅತ್ತೆಯವರಿಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡ ಎರಡೂ ಇತ್ತಂತೆ. ಮಂಚದ ಪಕ್ಕದಲ್ಲಿದ್ದುದನ್ನೆಲ್ಲ ಹಾಗೆಯೇ ಕಟ್ಟಿ ತಂದಿದ್ದರು.

“ನಿಮ್ಮವ್ವ ಹೊಳೆಗೆ ಹೋದ್ಲು, ಸರಿ. ಅವ್ಳ ಮಾತ್ರೆ ಯಾಕ್ ಸ್ವಾಮಿ ಹೋಗ್ಬೇಕು? ಹೊಳೆಗೇನ್ ಸಕ್ರೆ ಕಾಯ್ಲೆ ಬಂದದಾ? ಕೆಳ್ಗಡೆ ನಮ್ ಹಟ್ಟಿ ಮಕ್ಳು ಇದೇ ನೀರ್ನಾಗೆ ಈಜಾಡ್ತಾವೆ.”

ಗೃಹಸ್ಥರು ಏನೂ ಹೇಳಲಿಲ್ಲ. ಆಕೆ ಮೆಟ್ಟಿಲಿನ ಮೇಲೆ ಕುಳಿತು ಕೈಚಾಚಿದರು. ಚೀಲವನ್ನು ಕೊಟ್ಟೆನು. ಗಂಟು ಬಿಗಿಯಾಗಿತ್ತು, ಅಂಬಿಗನ ಕುಡುಗೋಲಿನಿಂದ ಕೊಯ್ಯಬೇಕಾಯಿತು. ಒಂದೊಂದಾಗಿ ತೆಗೆದು ಮೆಟ್ಟಿಲಿನ ಮೇಲೆ ಇಟ್ಟರು: ಬಾಚಣಿಗೆ, ಹಲ್ಲುಜ್ಜುವ ಬ್ರಷ್ಷು, ಮಾತ್ರೆಯ ಪಟ್ಟಿಗಳು, ರಬ್ಬರಿನ ಚಪ್ಪಲಿ, ಊರುಗೋಲಿನ ತುದಿಗೆ ಹಾಕುವ ಕುಪ್ಪಿ, ಹಸಿರು ಬಣ್ಣದ ಒಂದು ಸೀರೆ, ಕನ್ನಡಕದ ಪೆಟ್ಟಿಗೆ. ಕನ್ನಡಕವನ್ನು ಹೊರತೆಗೆದು ಸೆರಗಿನಿಂದ ಒರಸಿದರು. ಸತ್ತವರ ಕನ್ನಡಕವನ್ನು ಒರಸುವುದೇಕೆಂದು ಯಾರೂ ಕೇಳಲಿಲ್ಲ. ಅದನ್ನು ತಮ್ಮ ಕೈಚೀಲದಲ್ಲಿ ಇಟ್ಟುಕೊಂಡರು. ಪತಿ ನೋಡಿದರು, ನೋಡಿ ಹೊಳೆಯ ಕಡೆಗೆ ಮುಖ ತಿರುಗಿಸಿದರು. ಪುರೋಹಿತರು ಏನು ಹೇಳುತ್ತಿದ್ದರೋ; ಅವರು ಆಗಲೇ ಇನ್ನೊಂದು ಕುಟುಂಬದ ಜೊತೆಯಲ್ಲಿದ್ದರು.

ಸೀರೆಯ ಮಾತು ಬಂದಾಗ ಮಾತ್ರ ಗೃಹಸ್ಥರು ಒಪ್ಪಲಿಲ್ಲ. “ಅದು ಅವರ ಮೈಮೇಲಿದ್ದದ್ದು. ಅದು ಹೋಗಲೇಬೇಕು” ಎಂದರು. ಹತ್ತಿಯ ಸೀರೆಯಾಗಿದ್ದರೆ ಕೆಲವು ತಿಂಗಳಲ್ಲಿ ಕೊಳೆತು ಹೋಗುತ್ತಿತ್ತು; ಇದು ಪಾಲಿಯೆಸ್ಟರು, ನಮ್ಮ ಮೊಮ್ಮಕ್ಕಳ ಕಾಲಕ್ಕೂ ಇರತಕ್ಕದ್ದು. ನಾನು ಅದನ್ನು ಹೇಳಲಿಲ್ಲ. ಈಗಲೂ ಹೇಳಬೇಕಾಗಿತ್ತೆಂದು ನನಗೆ ಅನ್ನಿಸುವುದಿಲ್ಲ. ಅವರು ಮೊಣಕಾಲುದ್ದ ನೀರಿಗೆ ಇಳಿದು ಸೀರೆಯನ್ನು ಮಡಿಕೆ ಬಿಚ್ಚಿ ಬಿಟ್ಟರು. ಹಸಿರು ಸೀರೆ ನೀರಿನ ಮೇಲೆ ಅಗಲವಾಗಿ ಹರಡಿಕೊಂಡು, ಬಹಳ ಹೊತ್ತು ಮುಳುಗದೆ, ನಡುಹೊಳೆಯ ಕಡೆಗೆ ಸರಿಯಿತು. ಉಳಿದದ್ದನ್ನು ಆಕೆಯೇ ನಮ್ಮ ಗೋಣಿಗೆ ಹಾಕಿದರು. ಮಾತ್ರೆಗಳನ್ನು ಬೇರೆ ಕಾಗದದಲ್ಲಿ ಕಟ್ಟಿಕೊಂಡು, ಔಷಧದ ಅಂಗಡಿಯಲ್ಲಿ ವಿಚಾರಿಸುತ್ತೇನೆಂದರು. ಹೋಗುವಾಗ “ನಿಮಗೆ ಸೋಪು ಬೇಕೇ?” ಎಂದು ನನ್ನನ್ನು ಕೇಳಿದರು. ನನ್ನ ಕೈ ಕೆಸರಾಗಿದ್ದುದನ್ನು ಕಂಡಿದ್ದರು.

ಆ ಮೇಲಿನ ಒಂದು ಗಳಿಗೆ ನಾವಿಬ್ಬರೂ ಮಾತಾಡದೆ ಹುಟ್ಟು ಹಾಕಿದೆವು. ಅನಂತರ ಅಂಬಿಗನು, “ಸೀರೆ ಎಲ್ಗೂ ಹೋಗಲ್ಲ ಕಣವ್ವ. ಆ ಮತ್ತಿಮರದ ಬೇರ್ನಾಗೆ ಸಿಕ್ಕತದೆ. ಅವ್ರು ಊರ್ ಸೇರ್ಕಳ್ಳಿ, ಆಮ್ಯಾಕೆ ತಕ್ಕಳವ” ಎಂದನು. ಸತ್ತವರದನ್ನು ತೆಗೆಯಬಾರದೆಂಬ ಅವನ ನಿಯಮ ಏನಾಯಿತೆಂದು ಕೇಳಿದೆನು. ಹೊಳೆ ಒಮ್ಮೆ ತೆಗೆದುಕೊಂಡು ತಿರುಗಿ ಕೊಟ್ಟಮೇಲೆ ಅದಕ್ಕೆ ಮೈಲಿಗೆಯಿಲ್ಲವೆಂದನು. ಈ ವ್ಯವಸ್ಥೆ ಯಾವ ಶಾಸ್ತ್ರದಲ್ಲಿದೆಯೋ ನಾನು ಕಾಣೆ. ಮನುವಿಗೆ ಹೊಳೆದಿದ್ದರೆ ಅವನೂ ಸೇರಿಸುತ್ತಿದ್ದನೇನೋ.

ದೇವರ ಪಟಗಳ ವಿಷಯದಲ್ಲಿ ಅವನ ಕ್ರಮ ಇನ್ನೂ ಖಚಿತವಾದುದು. ಗಾಜು ಒಡೆದ ವೆಂಕಟೇಶ್ವರ, ಬಣ್ಣ ಬಿಟ್ಟ ಸರಸ್ವತಿ, ಕ್ಯಾಲೆಂಡರಿನಿಂದ ಕತ್ತರಿಸಿ ಕಟ್ಟು ಹಾಕಿಸಿದ ಗಣಪತಿ, ಇವರಾರನ್ನೂ ಗೋಣಿಗೆ ಹಾಕಗೊಡಿಸುವುದಿಲ್ಲ. ಹರಿಗೋಲಿನ ನಡುವೆ ಮೊಗಮೇಲಾಗಿ ಇಡಿಸಿ, ತನ್ನ ಟವೆಲ್ಲನ್ನು ಹೊದಿಸಿ ತರುತ್ತಾನೆ. ಮೊದಲೆಲ್ಲ ದಡದ ಅಶ್ವತ್ಥಕಟ್ಟೆಗೆ ಒರಗಿಸಿಡುತ್ತಿದ್ದನು. ಊರೂರಿನ ಅಶ್ವತ್ಥಕಟ್ಟೆಗಳಲ್ಲಿ ಇಂಥ ನಿವೃತ್ತ ದೇವರುಗಳ ಸಾಲನ್ನು ವಾಚಕರು ಕಂಡೇ ಇದ್ದಾರೆ. ಮಳೆ ಬಂದರೆ ಅವು ಮತ್ತೆ ಹೊಳೆಗೇ. ಆದುದರಿಂದ ಈಗ ನಾವು ಕಟ್ಟೆಯ ಬಳಿ ಕುಳಿತು ಒಂದೊಂದನ್ನೂ ಬಿಚ್ಚುತ್ತೇವೆ. ಮೊಳೆ ಒಂದು ಡಬ್ಬಿಗೆ, ಗಾಜು ಒಂದು ಕಡೆಗೆ, ಮರದ ಕಟ್ಟು ಅವನ ಒಲೆಗೆ. ಕಾಗದದ ಚಿತ್ರವನ್ನು ನೀರಿನಲ್ಲಿ ನೆನಸಿ, ಕೈಯಲ್ಲಿ ಮಿದ್ದು, ಮರದ ಬುಡದಲ್ಲಿ ಗುಂಡಿ ತೋಡಿ ಹೂಳುತ್ತೇನೆ. ಆ ಕೆಲಸ ನನ್ನದು. ಮಿದ್ದುವ ಮುಂಚೆ ಅವನು ಚಪ್ಪಲಿ ಬಿಟ್ಟು ಒಮ್ಮೆ ಕೈಮುಗಿಯುತ್ತಾನೆ. ಪ್ಲಾಸ್ಟಿಕ್ಕಿನ ಮೇಲೆ ಅಚ್ಚಾದ ಪಟಗಳು ಬಂದರೆ ಮಾತ್ರ ನಮಗೆ ದಾರಿ ಕಾಣುವುದಿಲ್ಲ. ಅವು ನೆನೆಯುವುದಿಲ್ಲ, ಕೊಳೆಯುವುದಿಲ್ಲ, ಸುಟ್ಟರೆ ಕೆಟ್ಟ ಹೊಗೆ. ಅಂಥವು ಒಂದು ಟ್ರಂಕಿನಲ್ಲಿ ಶೇಖರವಾಗುತ್ತಿವೆ. ನಮ್ಮ ಮನೆಯ ದೇವರ ಗೂಡಿಗೆ ಹೊಸ ಪಟವನ್ನು ಕೊಳ್ಳುವುದನ್ನು ನಾನು ನಿಲ್ಲಿಸಿದ್ದೇನೆ. ಹೂವನ್ನು ನಾನೇ ಬಾಳೆನಾರಿನಲ್ಲಿ ಕಟ್ಟುತ್ತೇನೆ, ನಿರ್ಮಾಲ್ಯ ತೆಂಗಿನ ಬುಡಕ್ಕೆ ಹೋಗುತ್ತದೆ. ನೆಂಟರಿಷ್ಟರು ಗೃಹಪ್ರವೇಶಗಳಲ್ಲಿ ಕೊಡುವ ಪಟಗಳನ್ನು ಮಾತ್ರ ಬೇಡವೆನ್ನುವುದು ಹೇಗೆ ಎಂಬುದು ಇನ್ನೂ ತಿಳಿದಿಲ್ಲ.

ಗೋಣಿಗಳನ್ನು ದಡದಲ್ಲಿ ಸುರಿದು ವಿಂಗಡಿಸುವಾಗ ಗುಜರಿಯವನ ಕಣ್ಣಿನಿಂದಲೂ ನೋಡಬೇಕಾಗುತ್ತದೆ. ಸೀಸೆಗಳನ್ನು ಅವನು ತೂಕ ಹಾಕಿ ಕೊಳ್ಳುತ್ತಾನೆ. ಹಾಲಿನ ಪೊಟ್ಟಣಗಳನ್ನು ತೊಳೆದುಕೊಟ್ಟರೆ ಕೊಳ್ಳುತ್ತಾನೆ. ಶಾಂಪೂವಿನ, ತಿಂಡಿಯ ಮಿರುಗುವ ಸಣ್ಣ ಪೊಟ್ಟಣಗಳನ್ನು ಮುಟ್ಟುವುದಿಲ್ಲ. ಪ್ಲಾಸ್ಟಿಕ್ಕು, ಅಲ್ಯೂಮಿನಿಯಂ, ಮತ್ತೆ ಪ್ಲಾಸ್ಟಿಕ್ಕು ಹೀಗೆ ಪದರ ಪದರವಾಗಿ ಅಂಟಿಸಿರುವುದರಿಂದ ಅವನ್ನು ಬಿಡಿಸಿ ಕರಗಿಸುವುದು ಲಾಭದ ಮಾತಲ್ಲ. ಹೊಳೆಯಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಸಿಕ್ಕುವುದು ಅವೇ. ಸೀಸೆಗಳಿಂದ ಬಂದ ಹಣ ಅಂಬಿಗನದು. ಪ್ರವಾಸಿಗಳನ್ನು ಸುತ್ತಿಸಿದರೆ ಆ ಹೊತ್ತಿನಲ್ಲಿ ಇದರ ಹತ್ತರಷ್ಟು ದುಡಿದಾನು. ಅದಕ್ಕೇ ನಾವು ಪ್ರವಾಸಿಗಳು ಬರುವ ಮುಂಚ, ಬೆಳಗಿನ ಆರಕ್ಕೆ ಹೊರಟು ಒಂಬತ್ತಕ್ಕೆ ಮುಗಿಸುತ್ತೇವೆ.

ಹಸಿರು ಸೀರೆ ಅವನು ಹೇಳಿದ ಮರದ ಬೇರಿನಲ್ಲಿ ಸಿಕ್ಕಲಿಲ್ಲ. ಮೂರು ವಾರಗಳ ಮೇಲೆ, ಇನ್ನೂ ಕೆಳಗೆ, ಎರಡು ಬಂಡೆಗಳ ಸಂದಿನಲ್ಲಿ ಮರಳು ತುಂಬಿ ಹಗ್ಗದಂತೆ ಹೊಸೆದುಕೊಂಡು ಬಿದ್ದಿತ್ತು. ಇಬ್ಬರೂ ಎಳೆದರೆ ಬರಲಿಲ್ಲ; ಅವನ ಮಗನನ್ನು ಕರೆದುಕೊಂಡು ಹೋಗಿ, ಮರಳನ್ನು ತೋಡಿ ಬಿಡಿಸಿದೆವು. ಒಗೆದು ಬಂಡೆಯ ಮೇಲೆ ಹರವಿದಾಗ ಬಣ್ಣ ಒಂದಿಷ್ಟೂ ಮಾಸಿರಲಿಲ್ಲ. ಅಂಬಿಗನ ಹೆಂಡತಿ ಉಡಲು ಒಲ್ಲೆನೆಂದಳು, ನಾನೂ ಬಲವಂತ ಮಾಡಲಿಲ್ಲ. ಅವನು ಅದನ್ನು ಉದ್ದಕ್ಕೆ ಸೀಳಿ ದಾರ ಮಾಡಿಟ್ಟುಕೊಂಡಿದ್ದಾನೆ; ಗೋಣಿಯ ಬಾಯಿ ಕಟ್ಟುವುದಕ್ಕೆ ಬಹಳ ಗಟ್ಟಿಯಾಗಿದೆ. ಇನ್ನು ಮಳೆ ಹಿಡಿದು ಅಣೆಕಟ್ಟಿನ ಬಾಗಿಲು ತೆರೆದರೆಂದರೆ ನಮಗೆ ಎರಡು ಮೂರು ತಿಂಗಳು ಕೆಲಸವಿಲ್ಲ. ಹರಿಗೋಲನ್ನು ದಡದ ಮೇಲಕ್ಕೆ ಎಳೆದು, ಮಗುಚಿಟ್ಟು, ತಳಕ್ಕೆ ಮತ್ತೊಂದು ಸಲ ಟಾರು ಬಳಿಯಬೇಕು.